ಡಂಗೂರ ಹೊಡೆಯದ ಫೋನು

ಮಳವಳ್ಳಿಯ ಸಬ್‌ರಿಜಿಸ್ಟ್ರಾರ್ ಕಚೇರಿಯ ಬೆಂಚಿನಲ್ಲಿ ನನ್ನ ಪಕ್ಕ ಒಬ್ಬ ಅಣ್ಣ, ಅವನ ತಂಗಿ ಕೂತಿದ್ದರು. ಅಣ್ಣ ಮತ್ತೊಮ್ಮೆ ಟೋಕನ್ ನೋಡಿಕೊಂಡು ಹೊಸ ಐಫೋನಿನ ಡಬ್ಬ ತಂಗಿಯ ಮುಂದೆ ಹಿಡಿದ.

"ಅರಿಸಿನ ಕುಂಕುಮಕ್ಕೆ ಅಂತ ತಂದಿವ್ನಿ ಚಂದ್ನ. ಇಟ್ಕಂಡು ಅಪ್ಪನ ಆಸ್ತಿ ಹಕ್ಕು ಬಿಡುಗಡೆ ಪತ್ರಕ್ಕೆ ಸೈನ್ ಹಾಕವ್ವ."

"ನನ್ನ ಆಂಡ್ರಾಯ್ಡೇ ಸಾಕು ಕಣಣ್ಣ."

"ಗ್ಲಾಸೆಲ್ಲ ಒಡ್ದೋಗದೆ ಅದು."

"ಒಡೀಲಿ ಬುಡು. ಯಾರು ಫೋನ್ ಮಾಡುದ್ರೂ ತಾನೇ ರೆಕಾರ್ಡ್ ಮಾಡ್ಕತದೆ. ನಿನ್ನ ಐಫೋನು ರೆಕಾರ್ಡ್ ಆಯ್ತದೆ ಅಂತ ಆ ಕಡೆಯೋರ್ಗೂ ಡಂಗೂರ ಹೊಡೀತದಂತೆ."

"ನಿಂಗ್ಯಾಕವ್ವ ರೆಕಾರ್ಡು?"

"ನಾಲೆ ಮಗ್ಗುಲ ಗದ್ದೆ ನಿಂಗೇ ಅಂತ ಯುಗಾದೀಲಿ ನೀನೇ ಫೋನ್ ಮಾಡಿ ಅಂದಿದ್ದೆ. ಈ ಪತ್ರದಲ್ಲಿ ಅದೂ ನಿಂದೇ ಆಗೋಗದೆ. ಕೇಳುಸ್ಲಾ?"

ಅಷ್ಟರಲ್ಲಿ ಅವರ ಟೋಕನ್ ಕೂಗಿದರು. ಅಣ್ಣ ಪತ್ರ ಮಡಚಿಕೊಂಡು ಹೊರಬಾಗಿಲ ಕಡೆ ನಡೆದ.

"ಡಬ್ಬ ಬುಟ್ಟೋಯ್ತಿದ್ದೀಯ ಕಣಣ್ಣ" ಎನ್ನುತ್ತ ತಂಗಿಯೂ ಎದ್ದಳು.