ಎಡಗಡೆಯ ಥರ್ಮಾಮೀಟರ್

ಹಲೋ... ಹಲೋ, ಯಾರು ಮಾತಾಡ್ತಿರೋದು? ಮೇಸ್ತ್ರಿಗಳಾ?...

ನಾನು ರೀ, ಹವಾಮಾನ ಕಚೇರಿಯವಳು. ದಿನಾ ಹನ್ನೊಂದು ಗಂಟೆಗೆ ಬಿಸಿಲೆಷ್ಟು ಅಂತ ಫೋನ್ ಮಾಡಿ ಹೇಳ್ತೀನಲ್ಲ, ಅವಳೇ...

ಹಾಂ, ಇವತ್ತೂ ಹೇಳಿದ್ದೆ, ಮೂವತ್ತು ಅಂತ. ಅದಕ್ಕೇ ಮತ್ತೆ ಮಾಡಿದ್ದು. ಮೊದಲು ಕೆಲಸ ನಿಲ್ಸಿ. ಡಾಂಬರು ಹಾಗೇ ಬಿಟ್ಟು ಎಲ್ಲರನ್ನೂ ನೆರಳಿಗೆ ಕರೀರಿ...

ಮೂವತ್ತಲ್ಲ ಅಣ್ಣಾ, ನಲವತ್ತಮೂರು!...

ತಮಾಷೆನಾ? ಇಂಥದ್ರಲ್ಲಿ ಯಾರಾದ್ರೂ ತಮಾಷೆ ಮಾಡ್ತಾರಾ? ಸ್ವಲ್ಪ ಕೇಳಿ. ನಮ್ಮ ಅಂಗಳದಲ್ಲಿ ಬಿಳೀ ಪೆಟ್ಟಿಗೆ ಇದೆಯಲ್ಲ, ಅದರೊಳಗೆ ಎರಡು ಥರ್ಮಾಮೀಟರ್. ಒಂದು ಒಣದು, ಗಾಳಿ ಎಷ್ಟು ಬಿಸಿ ಅಂತ ತೋರಿಸೋದು. ಇನ್ನೊಂದರ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿರುತ್ತೆ, ಅದು ಯಾವಾಗ್ಲೂ ಕಮ್ಮಿ. ಹನ್ನೊಂದು ವರ್ಷದಿಂದ ಒಣದು ಎಡಗಡೆ. ಸೋಮವಾರ ಪೇಂಟರ್ ಬಂದು ಪೆಟ್ಟಿಗೆಗೆ ಬಣ್ಣ ಬಳಿದ, ಎರಡನ್ನೂ ಅದಲುಬದಲು ಸಿಕ್ಕಿಸಿ ಹೋದ. ಅವತ್ತಿನಿಂದ ದಿನಾ ನಾನು ಅಭ್ಯಾಸಬಲದಲ್ಲಿ ಎಡಗಡೆದೇ ಓದಿದೆ. ಬಲಗಡೆ ತಿರುಗಿಯೂ ನೋಡಲಿಲ್ಲ. ಈಗ ಬಟ್ಟೆಗೆ ನೀರು ಹಾಕೋಕೆ ಹೋದಾಗ ಕಂಡಿದ್ದು...

ಇಲ್ಲ, ಪೇಂಟರ್‌ನ ಬೈಬೇಡಿ. ಓದಿದವಳು ನಾನು...

ಹೌದು, ನೀವು ಕೇಳಿದ್ರಿ. ಮೈ ಸುಡ್ತಿದೆಯಲ್ಲಮ್ಮಾ, ಮೂವತ್ತು ಹೇಗೆ ಅಂತ. ಯಂತ್ರಕ್ಕಿಂತ ನಿಮ್ಮ ಚರ್ಮಕ್ಕೆ ಜಾಸ್ತಿ ಗೊತ್ತಾ ಅಂತ ನಾನೇ ನಕ್ಕೆ. ತಪ್ಪಾಯ್ತು, ಕಾಲಿಗೆ ಬೀಳ್ತೀನಿ...

ತಪ್ಪು ನನ್ನದೇ ಅಂತ ಬರೆದು ಕೊಡಬೇಕಾ? ಕೊಡ್ತೀನಿ, ಸಂಜೆ ಬಂದು ಕೊಡ್ತೀನಿ. ನನ್ನ ಕೆಲಸ ಹೋದ್ರೂ ಹೋಗ್ಲಿ. ನಲವತ್ತು ದಾಟಿದ್ರೆ ಮಧ್ಯಾಹ್ನ ರಸ್ತೆ ಕೆಲಸ ಬೇಡ ಅಂತ ಡಾಕ್ಟರುಗಳು ಸುಮ್ಸುಮ್ನೆ ಹೇಳಿದ್ದಲ್ಲ. ಹೋದ ಬೇಸಿಗೆಯಲ್ಲಿ ಇಬ್ಬರು ಸತ್ತ ಮೇಲೆ ಬಂದ ನಿಯಮ ಅದು. ಹೆಗಲು ಕೊಟ್ಟವರು ನೀವೇ ಅಲ್ವಾ?...

ಡಾಂಬರು ಆರಿದ್ರೆ ಮತ್ತೆ ಕಾಯಿಸಬಹುದು ಅಣ್ಣಾ...

ಹಾಂ... ಹಾಂ, ರೋಲರ್ ಸದ್ದು ನಿಂತಿತು. ಕೇಳಿಸ್ತು. ನಿಮ್ಮ ಹೊಟ್ಟೆ ತಣ್ಣಗಿರ್ಲಿ...

ನನ್ನ ತಮ್ಮ ಎಲ್ಲಿ? ಅದೇ, ನೀವೆಲ್ಲ ಕಡ್ಡಿ ಅಂತ ಕರೀತೀರಲ್ಲ, ಅವನೇ. ಕಾಣಿಸ್ತಾನಾ?...

ಅವನೊಬ್ಬ ಯಾಕೆ ಇನ್ನೂ ಸಲಿಕೆ ಹಿಡ್ಕೊಂಡು ನಿಂತಿದಾನೆ? ಕೂಗಿ ಅವನನ್ನ!...

ರಾತ್ರಿ ಊಟ ಬಿಟ್ಟ ರೀ. ತಲೆ ಸಿಡೀತಿದೆ ಅಕ್ಕಾ, ನಾಳೆ ಹೋಗಲ್ಲ ಅಂದ. ಮೂವತ್ತು ಡಿಗ್ರಿಗೆ ಯಾವ ತಲೆನೋವೋ ಮೈಗಳ್ಳಾ ಅಂತ ಬೈದು ಬೆಳಿಗ್ಗೆ ನಾನೇ ಎಬ್ಬಿಸಿ ಕಳಿಸಿದೆ...

ಏನು? ತೂರಾಡ್ತಿದಾನಾ? ಮೈ ಮುಟ್ಟಿ ನೋಡಿ, ಬೇಗ...

ಅಯ್ಯೋ... ಕೆಂಡ ಅಂದ್ರಾ?...

ಬೇರೆಯವರ ಫೋನಿಂದ ಆಂಬುಲೆನ್ಸ್‌ಗೆ ಮಾಡ್ಸಿ, ನೀವು ಇಡಬೇಡಿ. ನೆರಳಲ್ಲಿ ಮಲಗಿಸಿ. ಅಂಗಿ ಬಿಚ್ಚಿ, ಮೈಗೆಲ್ಲ ಒದ್ದೆ ಬಟ್ಟೆ ಸುತ್ತಿ ಗಾಳಿ ಹಾಕಿ. ಹಾಂ, ಆ ಥರ್ಮಾಮೀಟರಿಗೆ ಸುತ್ತಿದ ಹಾಗೇ. ಹದಿಮೂರು ಡಿಗ್ರಿ ಇಳಿಸುತ್ತೆ ರೀ ಒದ್ದೆ ಬಟ್ಟೆ, ಈಗಷ್ಟೇ ಕಣ್ಣಾರೆ ನೋಡಿದೀನಿ, ಇಳಿಸುತ್ತೆ ಅಲ್ವಾ?...

ಮಲಗ್ತಿಲ್ವಾ? ಸಲಿಕೆ ಬಿಡ್ತಿಲ್ವಾ? ಏನಂತಾನೆ?...

ಏನಂದ? ಮತ್ತೊಂದ್ಸಲ ಹೇಳಿ... "ಮೂವತ್ತೇ ಅಂತೆ, ಅಕ್ಕ ಹೇಳಿದಾಳೆ" ಅಂದನಾ?...

ಅವನ ಕಿವಿಗೆ ಫೋನ್ ಹಿಡೀರಿ. ಹಿಡಿದ್ರಾ?... ಪುಟ್ಟಾ, ಅಕ್ಕ ಕಣೋ. ನಲವತ್ತಮೂರು ಕಣೋ. ನೀನು ಹೇಳಿದ್ದೇ ನಿಜ. ಸಲಿಕೆ ಬಿಡು, ಮಲಕ್ಕೋ. ಕೇಳಿಸ್ತಾ? ನೀನು ಹೇಳಿದ್ದೇ...

ಹಲೋ?... ಪುಟ್ಟಾ?... ಹಲೋ...