ಭಂಡಾರ ಮುಟ್ಟಿದ ಪಗಾರ

ಇಂಡಿ ಬಸ್ ನಿಲ್ದಾಣದಲ್ಲಿ ತನ್ನ ಬಸ್ಸಿಗೆ ಕಾಯುತ್ತಿದ್ದ ಕೌಸರಳ ಪಕ್ಕಕ್ಕೆ ಬಂದು ಕೂತ ಇಬ್ಬರು ಹೆಂಗಸರ ಸೀರೆಗೆ ನಿಂಬೆಹಣ್ಣಿನ ವಾಸನೆ ಹತ್ತಿತ್ತು.

“ಮಾಲಾ, ನಿನಗ ಸಾವಕಾರ ಎಷ್ಟು ಪಗಾರ ಕೊಡ್ತಾನ?” ಎಂದಳು ಹಿರಿಯಳು.

“ಯಾರಿಗೂ ಹೇಳಬಾರದಂತ ದೇವರ ಅರಿಷಿಣದ ಭಂಡಾರ ಮುಟ್ಟಿಸಿ ಆಣಿ ತಗೊಂಡಾರ, ಸುವರ್ಣಕ್ಕಾ.”

“ನನ್ನ ಕಡಿಂದಾನೂ ತಗೊಂಡಾನ. ಬಾಯಿಲೆ ಹೇಳಬ್ಯಾಡ, ತಲಿ ಅಲ್ಲಾಡ್ಸು. ದಿನಕ್ಕ ಮುನ್ನೂರರ ಮ್ಯಾಲ ಐತೇನು?”

ಮಾಲಾ ಹೌದೆಂದು ತಲೆಯಾಡಿಸಿದಳು.

“ನಾನೂರು?”

ಮತ್ತೆ ತಲೆಯಾಡಿಸಿದಳು. ಸುವರ್ಣಾ ಸೆರಗಿನ ಅಂಚು ಹಿಂಡತೊಡಗಿದಳು.

“ಹಣ್ಣು ಆರ್ಸೂದು ನಿನಗ ಕಲಿಸಿದಾಕಿ ನಾನು. ನನಗ ಅಷ್ಟಿಲ್ಲ.”

“ಕೆಲಸಕ್ಕ ಸೇರೂಮುಂದ ನಾ ಕೇಳಿದ್ನಿ, ಕೊಟ್ರು.”

“ಹಂಗಾರ ನಾಳಿ ನಾನೂ ಕೇಳ್ತೇನಿ.”

“ಬ್ಯಾಡಕ್ಕಾ! ಗೋದಾಮಿನ್ಯಾಗ ಹೆಂಗಸರು ನಾವಿಬ್ರ. ನಾನ ಹೇಳೀನಂತ ಗೊತ್ತಾಗಿ ನನ್ನ ಕೆಲಸಾ ಬಿಡಿಸ್ತಾರ.”

ಹೊರ್ತಿ ಬಸ್ ಬಂತು. ಸುವರ್ಣಾ ಎದ್ದಳು.

“ಸಿಟ್ಟ ಬಂತೇನಕ್ಕಾ?”

“ಕೇಳಂಗಿಲ್ಲ ಬಿಡು. ಆದ್ರ ನಾಳಿಂದ ಬುಟ್ಟಿ ತಲಿಮ್ಯಾಲ ಎತ್ತಿಡಾಕ ನನ್ನ ಕರೀಬ್ಯಾಡ.”

ಬಸ್ಸಿನಲ್ಲಿ ಜಾಗ ಬೇಕಾದಷ್ಟಿತ್ತು. ಒಬ್ಬಳು ಮುಂದೆ, ಒಬ್ಬಳು ಹಿಂದೆ ಕೂತಿದ್ದು ನಿಲ್ದಾಣದಲ್ಲೇ ಉಳಿದ ಕೌಸರಳಿಗೆ ಕಿಟಕಿಯಲ್ಲಿ ಕಂಡಿತು.