ಏಳನೇ ಸೆನ್ಸರ್ ಕೆಳಗಿನ ಕುರ್ಚಿ

ಆ ಬಾಗಿಲು ಹಾಕಿ ಬಾ, ಹೇಳ್ತೀನಿ. ನಮ್ಮ ದೊಡ್ಡಮ್ಮನ ಮಗಳು, ನನ್ನ ಅಕ್ಕ, ಅವಳಿಗೇ ಆಗಿದ್ದು ಇದು.

ರಾತ್ರಿ ಹತ್ತು ಗಂಟೆ. ಅಕ್ಕ ಹಳೇ ಲೈಬ್ರರಿಯಿಂದ ಮನೆಗೆ ಹೊರಟಿದ್ಳು. ಗೇಟಿನ ಹತ್ರ ಒಂದು ಪಾಳು ಬಾವಿ, ಮೇಲೆ ಕಬ್ಬಿಣದ ಜಾಲರಿ. ಅದನ್ನ ದಾಟ್ತಾ ತನ್ನಷ್ಟಕ್ಕೆ ತಾನೇ ಗೊಣಗ್ತಿದ್ಳು. ಹೆದರಿಕೆಯಿಂದಲ್ಲ... ಸಿಟ್ಟಿನಿಂದ. ಮೂರು ವಾರದ ಸಿಟ್ಟು.

ಅವಳ ಕೆಲಸ ಏನು ಅಂದ್ರೆ, ಕಂಪ್ಯೂಟರ್ ಒಳಗೆ ಲೈಬ್ರರಿಯ ಇಡೀ ಓದೋ ಹಾಲ್ ಕಟ್ಟೋದು. ಗೋಡೆ, ಮೇಜು, ಕುರ್ಚಿ, ದೀಪ, ಒಂದೂ ಬಿಡದೆ. ಆಮೇಲೆ ಒಂದೊಂದು ದೀಪದಿಂದಲೂ ಲಕ್ಷಾಂತರ ಕಿರಣ ಬಿಡೋದು. ಅವು ಎಲ್ಲೆಲ್ಲಿ ಬಡಿದು, ಪುಟಿದು, ಚಾವಣಿಯಲ್ಲಿರೋ ಸೆನ್ಸರ್‌ಗೆ ಎಷ್ಟು ಬೆಳಕು ಮುಟ್ಟುತ್ತೆ ಅಂತ ಲೆಕ್ಕ ಹಾಕೋದು. ನಿಜವಾದ ಹಾಲಿನ ಅಂಕಿಗೂ ಅದಕ್ಕೂ ತಾಳೆ ಆಗ್ಬೇಕು. ಹಗಲಲ್ಲಿ ಕಿಟಕಿ ಬೆಳಕು ಅಡ್ಡ ಬರುತ್ತೆ, ಅದಕ್ಕೇ ಅಳತೆಯೆಲ್ಲ ರಾತ್ರಿ.

ಹನ್ನೆರಡು ಸೆನ್ಸರ್. ಹನ್ನೊಂದು ತಾಳೆ ಆಗಿದ್ವು. ಏಳನೇದು, ಮೂಲೆ ಮೇಜಿಗೆ ನೇರ ಮೇಲೆ ಚಾವಣಿಯಲ್ಲಿರೋದು, ಮಾತ್ರ ಜಪ್ಪಯ್ಯ ಅಂದ್ರೂ ಇಲ್ಲ. ಲೆಕ್ಕ ನೂರಾನಲವತ್ತು ಅನ್ನುತ್ತೆ, ಸೆನ್ಸರ್ ನೂರಾ ಇಪ್ಪತ್ತೆರಡು ಅನ್ನುತ್ತೆ. ಸೆನ್ಸರ್ ಬದಲಾಯಿಸಿದ್ದಾಯ್ತು. ವೈರ್ ಬದಲಾಯಿಸಿದ್ದಾಯ್ತು. ಏಣಿ ಹತ್ತಿ ಬಲ್ಬ್ ಒರೆಸಿದ್ದಾಯ್ತು. ಮತ್ತೆ ನೂರಾ ಇಪ್ಪತ್ತೆರಡು.

ಬಾವಿ ಹತ್ರ ಇದ್ದಾಗಲೇ ಬಾಸ್ ಫೋನು.

"ಬೆಳಗ್ಗೆ ಒಂಬತ್ತಕ್ಕೆ ವರದಿ ಬೇಕು. ನಿನ್ನ ಕೈಲಿ ಆಗಲ್ಲ ಅಂದ್ರೆ ಹೇಳ್ಬಿಡು, ಬೇರೆಯವರಿಗೆ ಕೊಡ್ತೀನಿ."

ಅಕ್ಕ ಹಲ್ಲು ಕಚ್ಚಿಕೊಂಡು ವಾಪಸ್ ಬಂದ್ಳು. ವಾಚ್‌ಮನ್ ತಾತ ಬೀಗ ತೆಗೆದ. ಅವಳು ಬೈಕೊಳ್ತಿದ್ದದ್ದು ಕೇಳಿ ಹತ್ರ ಬಂದು ಪಿಸುಗುಟ್ಟಿದ:

"ಆ ಮೂಲೆ ಕಡೆ ಮೆಲ್ಲಗೆ ಮಾತಾಡಮ್ಮ..."

"ಯಾಕೆ?"

"ಓದೋ ಜಾಗ."

ಇಷ್ಟು ಹೊತ್ತಲ್ಲಿ ಯಾರು ಓದ್ತಾರೆ? ಅಕ್ಕ ಒಳಗೆ ಹೋಗಿ ದೀಪ ಎಲ್ಲ ಹಾಕಿದ್ಳು. ನಾಲ್ಕನೇ ಸೆನ್ಸರ್ ಹತ್ರ, ಅದಕ್ಕೆ ಅಡ್ಡ ಬಾರದ ಹಾಗೆ ಲ್ಯಾಪ್‌ಟಾಪ್ ಬಿಚ್ಚಿಕೊಂಡು ಕೂತ್ಳು. ಫ್ಯಾನ್ ನಿಂತಿತ್ತು. ಗೋಡೆ ಗಡಿಯಾರ... ಟಿಕ್... ಟಿಕ್...

ರೋಸಿಹೋಗಿ ಕಂಪ್ಯೂಟರಿನ ಹಾಲಲ್ಲಿ, ಆ ಮೂಲೆ ಕುರ್ಚಿ ಮೇಲೆ ಒಂದು ಕಪ್ಪು ಡಬ್ಬ ಇಟ್ಳು. ಲೆಕ್ಕ ನೂರಾ ಮೂವತ್ತೊಂದಕ್ಕೆ ಇಳೀತು. ಡಬ್ಬ ಎತ್ತರ ಮಾಡಿದ್ಳು. ನೂರಾ ಇಪ್ಪತ್ತಾರು. ಡಬ್ಬ ತೆಗೆದು, ಬೆನ್ನು ಬಗ್ಗಿಸಿ ಕೂತ ಮನುಷ್ಯನ ಆಕಾರ ಇಟ್ಳು.

ನೂರಾ ಇಪ್ಪತ್ತೆರಡು.

ತಲೆ ಎತ್ತಿ ನೋಡಿದ್ಳು. ಕುರ್ಚಿ ಖಾಲಿ.

ಅಷ್ಟರಲ್ಲಿ ಪರದೆ ಮೇಲೆ ನಿಜವಾದ ಸೆನ್ಸರ್ ಅಂಕಿ ಜಿಗೀತು. ಏಳನೇದು ನೂರಾನಲವತ್ತು! ಮೂರು ವಾರದಲ್ಲಿ ಮೊದಲ ಸಲ. ಅಕ್ಕನಿಗೆ ಅಳು ಬರೋ ಹಾಗಾಯ್ತು, ಖುಷಿಗೆ. ಆದ್ರೆ ಮರುಕ್ಷಣ ಆರನೇದು ಇಳೀತು. ಆಮೇಲೆ ಆರು ಸರಿಹೋಯ್ತು, ಐದು ಇಳೀತು.

ಆಮೇಲೆ... ನಾಲ್ಕು.

ಅವಳ ಬೆನ್ನ ಹಿಂದೆ ಹಾಳೆ ತಿರುವಿದ ಸದ್ದು. ಸರಕ್.

ಬೇರೆ ಯಾರಾದ್ರೂ ಆಗಿದ್ರೆ ಕಿರುಚಿಕೊಂಡು ಓಡ್ತಿದ್ರು. ಆದ್ರೆ ಅಕ್ಕ ಮೂರು ವಾರ ನಿದ್ದೆಗೆಟ್ಟವಳು ನೋಡು... ತಿರುಗಿ ನೋಡದೇ ಪಿಸುದನಿಯಲ್ಲೇ ರೇಗಿಬಿಟ್ಳು:

"ಅಯ್ಯೋ, ಒಂದು ಕಡೆ ಕೂತ್ಕೊಳ್ರೀ! ನಿಮ್ಮಿಂದ ನನ್ನ ಲೆಕ್ಕ ಎಲ್ಲ ಕೆಡ್ತಾ ಇದೆ!"

ಗಡಿಯಾರ ಮಾತ್ರ... ಟಿಕ್... ಟಿಕ್...

ನಾಲ್ಕು ಸರಿಹೋಯ್ತು. ಐದು ಇಳಿದು ಸರಿಹೋಯ್ತು. ಆರು ಇಳಿದು ಸರಿಹೋಯ್ತು. ಮೂಲೆಯಲ್ಲಿ ಕುರ್ಚಿ ಕಾಲು ಕಲ್ಲಿನ ನೆಲಕ್ಕೆ ಉಜ್ಜಿದ ಸದ್ದು. ಕರ್ರ್...

ಏಳನೇದು, ನೂರಾ ಇಪ್ಪತ್ತೆರಡು. ಆಮೇಲೆ ಅಲ್ಲಾಡಲಿಲ್ಲ.

ಅಕ್ಕ ಹನ್ನೆರಡೂ ಅಂಕಿ ಉಳಿಸಿಕೊಂಡ್ಳು. ಚಪ್ಪಲಿ ಕೈಲಿ ಹಿಡ್ಕೊಂಡು ಓಡಿದ್ಳು.

ವರದಿಯಲ್ಲಿ ಆ ಆಕಾರಕ್ಕೆ ಏನಂತ ಬರೀಬೇಕು? ಸಾಮಾನಿನ ಪಟ್ಟಿಯಲ್ಲಿ "ಮೂಲೆಯಲ್ಲಿ ಸಣ್ಣ ಬೀರು, ಒಂದು" ಅಂತ ಸೇರಿಸಿದ್ಳು. ಬಾಸ್ ನೋಡಿ, "ಒಂದು ಬೀರು ಮರೆತದ್ದಕ್ಕೆ ಮೂರು ವಾರವಾ?" ಅಂದ.

ಪಟ್ಟಿ ಸರಿ ಇದೆಯಾ ಅಂತ ನೋಡಿ ಸಹಿ ಹಾಕೋಕೆ ಲೈಬ್ರರಿಯನ್ ಮೇಡಂ ಹತ್ರ ಹೋಯ್ತು. ಮೂವತ್ತು ವರ್ಷದಿಂದ ಅಲ್ಲೇ ಇರೋರು ಅವರು. ಎರಡು ದಿನಕ್ಕೆ ವಾಪಸ್ ಬಂತು.

ನಂಬದಿದ್ರೆ ಬಿಡು. ಆ ಹಾಳೆ ಈಗಲೂ ಅಕ್ಕನ ಹತ್ರ ಇದೆ, ನಾನೇ ಕೈಯಲ್ಲಿ ಹಿಡಿದು ನೋಡಿದ್ದೀನಿ. ಬೇರೆ ಯಾವುದಕ್ಕೂ ಮೇಡಂ ತಿದ್ದುಪಡಿ ಹಾಕಿಲ್ಲ. "ಸಣ್ಣ ಬೀರು" ಅನ್ನೋದನ್ನ ಮಾತ್ರ ಪೆನ್ಸಿಲಲ್ಲಿ ಹೊಡೆದು, ಪಕ್ಕದಲ್ಲಿ ದುಂಡಗೆ ಬರೆದಿದ್ದಾರೆ: "ಓದುಗರು, ಒಬ್ಬರು."